ಗಾಳಿಯೂ ಹೋಗುತ್ತಿಲ್ಲ, ವಾಂತಿಯೂ ನಿಲ್ಲುತ್ತಿಲ್ಲ: ಕರುಳಿನ ತಡೆ ಪತ್ತೆಹಚ್ಚಿ ನಿಭಾಯಿಸುವ ಬಗೆ

ಎರಡು ದಿನದಿಂದ ಕಕ್ಕಸಿಗೆ ಹೋಗಿಲ್ಲ ಎಂದರೆ ಮಲಬದ್ಧತೆ ಇರಬಹುದು. ಕಕ್ಕಸೂ ಇಲ್ಲ, ಹೂಸೂ ಇಲ್ಲ, ಹೊಟ್ಟೆ ತಮಟೆಯ ಹಾಗೆ ಬಿಗಿದಿದೆ, ಬಿಟ್ಟು ಬಿಟ್ಟು ಕರುಳು ಹಿಂಡಿದಂತೆ ನೋವು, ವಾಂತಿ ಹಸಿರು ಎಂದರೆ ಅದು ಮಲಬದ್ಧತೆಯಲ್ಲ, ಕರುಳು ಎಲ್ಲೋ ಕಟ್ಟಿಕೊಂಡಿದೆ. ನೋವು, ವಾಂತಿ, ಉಬ್ಬರ, ಗಾಳಿ-ಮಲ ಎರಡೂ ನಿಂತಿರುವುದು, ಈ ನಾಲ್ಕನ್ನೂ ಕೂಡಿಸಿ ನೋಡಬೇಕು. ನಾಲ್ಕೂ ಒಟ್ಟಿಗೆ ಬರುವುದು ಅಪರೂಪ. ಯಾವುದು ಮೊದಲು ಬಂತು, ಯಾವುದು ಆಮೇಲೆ ಬಂತು ಎಂದು ಕೇಳಿ ಬರೆದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಇದು ತಾಲ್ಲೂಕು ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಸಣ್ಣ ನರ್ಸಿಂಗ್ ಹೋಂಗಳಲ್ಲಿ ರಾತ್ರಿ ಪಾಳಿ ಮಾಡುವ ವೈದ್ಯರು ಮತ್ತು ನರ್ಸ್‌ಗಳಿಗಾಗಿ ಬರೆದದ್ದು. ಮನೆಯವರಿಗೆ ಬೇಕಾದ ಭಾಗವನ್ನು ಮೊದಲೇ ಇಟ್ಟಿದ್ದೇವೆ. ಎಲ್ಲರೂ ಗಂಟೆಗಂಟೆಗೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಕಟ್ಟಿಕೊಂಡ ಕರುಳಿಗೆ ರಕ್ತ ಇನ್ನೂ ಓಡುತ್ತಿದೆಯೇ? ಬೆಳಿಗ್ಗೆ ಸಿಕ್ಕ ಉತ್ತರ ಮಧ್ಯಾಹ್ನಕ್ಕೆ ಸುಳ್ಳಾಗಬಹುದು.

ಮನೆಯಲ್ಲಿ ಮಾಡಬಾರದ್ದು

ನಮ್ಮಲ್ಲಿ ಹೊಟ್ಟೆನೋವಿಗೆ ಮೊದಲು ಸಿಗುವ ಹೆಸರು ‘ಗ್ಯಾಸ್ಟ್ರಿಕ್’. ಜೀರಿಗೆ ಕಷಾಯ, ಸೋಡಾ ಆಗುತ್ತದೆ, ಆಮೇಲೆ ಹರಳೆಣ್ಣೆ, ಅದಕ್ಕೂ ಬಗ್ಗದಿದ್ದರೆ ಮೆಡಿಕಲ್ ಅಂಗಡಿಯಿಂದ ಭೇದಿ ಮಾತ್ರೆ. ಕೆಲವು ಕಡೆ ಬಟ್ಟಿ ಬಿದ್ದಿದೆ ಎಂದು ಹೊಟ್ಟೆ ನೀವಿಸುತ್ತಾರೆ. ಕಷಾಯದಿಂದ ಆಗುವ ನಷ್ಟ ಸಮಯದ್ದು. ಹರಳೆಣ್ಣೆ, ಭೇದಿ ಮಾತ್ರೆಗಳ ಕಥೆ ಬೇರೆ. ಮುಂದೆ ದಾರಿ ಮುಚ್ಚಿರುವ ಕರುಳನ್ನು ಅವು ಇನ್ನಷ್ಟು ಜೋರಾಗಿ ಹಿಂಡಿಸುತ್ತವೆ, ಒಳಗೆ ಇನ್ನಷ್ಟು ನೀರು ಸೇರಿಸುತ್ತವೆ. ಆಗಲೇ ಉಬ್ಬಿ ತೆಳುವಾದ ಗೋಡೆ ಆ ಒತ್ತಡಕ್ಕೆ ಒಡೆಯಬಹುದು. ಸಿಕ್ಕಿಕೊಂಡ ಕರುಳನ್ನು ಮೇಲಿಂದ ಉಜ್ಜುವುದೂ ಅಷ್ಟೇ ಅಪಾಯ. ತಾವಾಗಿಯೇ ಎನಿಮಾ ಕೊಡುವುದೂ ಬೇಡ.

ಗಾಳಿ ಹೋಗುವುದು ನಿಂತು ವಾಂತಿಯಾಗುತ್ತಿದ್ದರೆ ಬಾಯಿಗೆ ಏನೂ ಕೊಡಬೇಡಿ, ನೀರನ್ನೂ. ಕುಡಿದದ್ದು ಕೆಳಗಿಳಿಯದೆ ಮೇಲೆ ಬರುತ್ತದೆ, ಮಂಪರಿನಲ್ಲಿರುವ ರೋಗಿಗೆ ಅದು ಶ್ವಾಸಕೋಶಕ್ಕೆ ನುಗ್ಗುತ್ತದೆ. 108ಕ್ಕೆ ಕರೆ ಮಾಡಿ. ಹಳೆಯ ಆಪರೇಷನ್‌ನ ಡಿಸ್ಚಾರ್ಜ್ ಚೀಟಿ, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ ಜೊತೆಗಿರಲಿ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಕೊನೆಯ ಡೋಸ್ ಎಷ್ಟು ಹೊತ್ತಿಗೆ ಆಯಿತು ಎಂಬುದನ್ನು ಹೇಳಲೇಬೇಕು.

ಒಳಗೆ ನಡೆಯುವುದೇನು

ಜೊಲ್ಲು, ಜಠರರಸ, ಪಿತ್ತ, ಮೇದೋಜೀರಕ ರಸ, ಕರುಳಿನದೇ ರಸ ಎಲ್ಲ ಕೂಡಿ ದಿನಕ್ಕೆ ಸುಮಾರು 7 ಲೀಟರ್ ದ್ರವ ಅನ್ನನಾಳದಿಂದ ಕೆಳಗಿನ ಈ ಕೊಳವೆಯೊಳಗೆ ಸುರಿಯುತ್ತದೆ. ಕುಡಿದ ನೀರು 2 ಲೀಟರ್ ಬೇರೆ. ಇಷ್ಟರಲ್ಲಿ ಮಲದೊಂದಿಗೆ ಹೊರಹೋಗುವುದು 100ರಿಂದ 200 ಮಿ.ಲೀ. ಮಾತ್ರ, ಉಳಿದದ್ದನ್ನೆಲ್ಲ ಕರುಳು ಹೀರಿ ರಕ್ತಕ್ಕೆ ಮರಳಿಸುತ್ತದೆ. ದಾರಿ ಕಟ್ಟಿದಾಗ ಹೀರುವ ಕೆಲಸ ಕುಂಠಿತವಾಗುತ್ತದೆ, ಸುರಿಯುವ ಕೆಲಸ ನಿಲ್ಲುವುದಿಲ್ಲ. ಹಾಗಾಗಿ ಎರಡೇ ಸಲ ವಾಂತಿ ಮಾಡಿದ ರೋಗಿಯೂ ಲೀಟರ್‌ಗಟ್ಟಲೆ ನೀರು ಕಳೆದುಕೊಂಡಿರುತ್ತಾರೆ. ಆ ನೀರು ಹೊರಗೆಲ್ಲೂ ಕಾಣುವುದಿಲ್ಲ, ಉಬ್ಬಿದ ಕರುಳಿನೊಳಗೇ ನಿಂತಿರುತ್ತದೆ. ನಾಲಿಗೆ ಒಣಗಿ, ಮೂತ್ರ ಕಡಿಮೆಯಾಗಿ, ನಾಡಿ ಓಡುವುದು ಇದರಿಂದ.

ಉಬ್ಬರದ ಗಾಳಿಯ ಬಹುಪಾಲು ರೋಗಿ ನುಂಗಿದ ಗಾಳಿಯೇ. ನೋವಿಗೂ ವಾಕರಿಕೆಗೂ ಜನ ಹೆಚ್ಚು ಹೆಚ್ಚು ಗಾಳಿ ನುಂಗುತ್ತಾರೆ. ಮೂಗಿನಿಂದ ಹಾಕುವ ಟ್ಯೂಬ್ ಇಷ್ಟೊಂದು ಕೆಲಸ ಮಾಡುವುದು ಅದಕ್ಕೇ.

ಕರುಳು ಒಂದೇ ಕಡೆ ಮುಚ್ಚಿದರೆ ಮೇಲಿನ ದಾರಿ ತೆರೆದಿರುತ್ತದೆ, ಒತ್ತಡ ವಾಂತಿಯಾಗಿ ಇಳಿಯುತ್ತದೆ. ಒಂದು ತುಂಡು ಎರಡೂ ತುದಿಯಲ್ಲಿ ಮುಚ್ಚಿಕೊಂಡರೆ, ಅಂದರೆ ಹರ್ನಿಯಾದಲ್ಲಿ ಸಿಕ್ಕಿದ ಅಥವಾ ತಿರುಚಿಕೊಂಡ ಕರುಳಾದರೆ, ಒತ್ತಡಕ್ಕೆ ಹೋಗಲು ಜಾಗವಿಲ್ಲ. ಮೊದಲು ತೆಳು ಗೋಡೆಯ ಅಭಿಧಮನಿಗಳು ಒತ್ತಿಹೋಗುತ್ತವೆ. ರಕ್ತ ಒಳಬರುತ್ತದೆ, ಹೊರಹೋಗುವುದಿಲ್ಲ; ಕರುಳು ಊದಿ ಕಪ್ಪಾಗುತ್ತದೆ. ರಕ್ತ ಪೂರ್ತಿ ಕಡಿದರೆ ಸುಮಾರು 6 ಗಂಟೆಯೊಳಗೆ ಆ ಭಾಗ ಮರಳಿ ಬಾರದಂತೆ ಸಾಯುತ್ತದೆ.

ಲಕ್ಷಣ ಬಂದ ಕ್ರಮ ನೋಡಿ ಜಾಗ ಗುರುತಿಸುವುದು

ವಾಂತಿ ಬೇಗ, ಹೇರಳ, ಹಸಿರು. ಹೊಟ್ಟೆ ಅಷ್ಟಾಗಿ ಉಬ್ಬಿಲ್ಲ: ತಡೆ ಸಣ್ಣ ಕರುಳಿನ ಮೇಲ್ಭಾಗದಲ್ಲಿದೆ. ಹೊಕ್ಕುಳ ಸುತ್ತ ಕೆಲವು ನಿಮಿಷಕ್ಕೊಮ್ಮೆ ಎದ್ದು ಇಳಿಯುವ ನುಲಿ ನೋವು, ಹೊಟ್ಟೆ ನಡುವೆ ಉಬ್ಬರ, ಕೆಲವು ಗಂಟೆ ಕಳೆದ ಮೇಲೆ ವಾಂತಿ, ಅದೂ ಹಸಿರಿನಿಂದ ಕಂದಾಗಿ ಮಲದ ವಾಸನೆಗೆ ತಿರುಗಿದ್ದು: ಸಣ್ಣ ಕರುಳಿನ ಕೆಳತುದಿ. ದಿನಗಟ್ಟಲೆ ಉಬ್ಬುತ್ತ ಬಂದ ಹೊಟ್ಟೆ, ಗಾಳಿ-ಮಲ ಪೂರ್ತಿ ನಿಂತಿದೆ, ವಾಂತಿ ಮಾತ್ರ ಇಲ್ಲವೇ ಇಲ್ಲ ಅಥವಾ ಕಡೆಗೆ ಬಂತು: ದೊಡ್ಡ ಕರುಳು.

ಕೊನೆಯದರಲ್ಲಿ ವಾಂತಿಯಿಲ್ಲವೆಂದು ಸಮಾಧಾನ ಪಡುವ ಹಾಗಿಲ್ಲ. ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವಲ್ಲಿ ಒಂದು ಕವಾಟವಿದೆ. ಅದು ಬಿಗಿಯಾಗಿದ್ದರೆ ದೊಡ್ಡ ಕರುಳಿನ ಒತ್ತಡ ಹಿಂದಕ್ಕೆ ಹೋಗುವುದಿಲ್ಲ. ಕೆಳಗೆ ಗಡ್ಡೆ, ಮೇಲೆ ಕವಾಟ, ನಡುವೆ ಸಿಕ್ಕಿದ ದೊಡ್ಡ ಕರುಳು ಬಲಗಡೆಯ ಅಗಲವಾದ ಸೀಕಮ್ ಎಂಬ ಭಾಗದಲ್ಲಿ ಒಡೆಯುತ್ತದೆ. ತಡೆ ಎಡಗಡೆ ಇದ್ದರೂ ನೋವು ಬಲಗಡೆ ಕಾಣಿಸಿಕೊಂಡರೆ ಸೀಕಮ್ ಒಡೆಯುವ ಹಂತಕ್ಕೆ ಬಂದಿದೆ ಎಂದೇ ತಿಳಿಯಿರಿ.

ದಾರಿ ತಪ್ಪಿಸುವ ಸಂಗತಿಗಳು

‘ಬೆಳಿಗ್ಗೆ ಒಂದು ಸಲ ಕಕ್ಕಸು ಆಯಿತು’ ಎಂದ ಮಾತ್ರಕ್ಕೆ ತಡೆಯಿಲ್ಲ ಎಂದಾಗುವುದಿಲ್ಲ. ಕಟ್ಟಿದ ಜಾಗದಿಂದ ಕೆಳಗಿದ್ದದ್ದು ಮೊದಲ ದಿನ ಹೊರಬರುತ್ತದೆ. ಭೇದಿಯಾಗುತ್ತಿದ್ದರೂ ತಡೆ ಇರಬಹುದು: ಅರ್ಧ ಮುಚ್ಚಿದ ಕರುಳಿನಿಂದ ನೀರು ಸೋರುತ್ತದೆ, ಹರ್ನಿಯಾದಲ್ಲಿ ಕರುಳಿನ ಗೋಡೆಯ ಒಂದು ಮಗ್ಗುಲು ಮಾತ್ರ ಸಿಕ್ಕಿದ್ದರೆ ದಾರಿ ತೆರೆದೇ ಇದ್ದು ಆ ಮಗ್ಗುಲು ಕೊಳೆಯುತ್ತದೆ, ವಯಸ್ಸಾದವರ ಗುದನಾಳದಲ್ಲಿ ಕಲ್ಲಾದ ಮಲದ ಸುತ್ತ ತೆಳು ಮಲ ಹರಿಯುತ್ತದೆ. ವಾಂತಿ-ಭೇದಿ ಎಂದು ಬರೆದು ಕಳಿಸುವ ಮುನ್ನ ಹೊಟ್ಟೆ ಮುಟ್ಟಿ ನೋಡಿ.

ನೋವು ತಾನಾಗಿ ಇಳಿಯಿತು, ಆದರೆ ಉಬ್ಬರ ಇಳಿಯಲಿಲ್ಲ, ಗಾಳಿ ಹೋಗಲಿಲ್ಲ ಎಂದರೆ ಗುಣವಾಗುತ್ತಿದೆ ಎಂದಲ್ಲ. ಕರುಳು ಹಿಂಡಿ ಹಿಂಡಿ ಸೋತಿದೆ ಅಥವಾ ಸತ್ತಿದೆ. ಸ್ಟೆತೊಸ್ಕೋಪಿಗೆ ಕೇಳುವ ಕರುಳಿನ ಸದ್ದಿನ ಮೇಲೆ ಹೆಚ್ಚು ಭಾರ ಹಾಕಬೇಡಿ. ಲೋಹದ ಪಾತ್ರೆಯಲ್ಲಿ ಹನಿ ಬಿದ್ದಂತಹ ಸದ್ದು ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ವಯಸ್ಸಾದವರು, ಸ್ಟಿರಾಯ್ಡ್ ತೆಗೆದುಕೊಳ್ಳುವವರು, ಸಕ್ಕರೆ ಕಾಯಿಲೆಯವರಲ್ಲಿ ಕರುಳು ಕೊಳೆತಿದ್ದರೂ ಹೊಟ್ಟೆ ಮೆತ್ತಗೇ ಇರಬಹುದು.

ತದ್ವಿರುದ್ಧ ತಪ್ಪೂ ಆಗುತ್ತದೆ. ನಲವತ್ತು ದಾಟಿದವರಲ್ಲಿ ಮೇಲ್ಹೊಟ್ಟೆ ನೋವು, ವಾಂತಿ ಇದ್ದರೆ ಇ.ಸಿ.ಜಿ. ತೆಗೆಯಿರಿ, ಎಲ್ಲರಿಗೂ ಸಕ್ಕರೆ ನೋಡಿ. ಹೃದಯಾಘಾತವೂ ಸಕ್ಕರೆ ಏರಿ ಬರುವ ಕೀಟೋಆಸಿಡೋಸಿಸ್ ಕೂಡ ಹೊಟ್ಟೆಯ ವೇಷದಲ್ಲಿ ಬರುತ್ತವೆ. ಹೆರಿಗೆಯ ವಯಸ್ಸಿನ ಹೆಣ್ಣುಮಕ್ಕಳಿಗೆ ಗರ್ಭ ಪರೀಕ್ಷೆ ಮಾಡಿ. ಐದಾರು ತಿಂಗಳ ಗರ್ಭಿಣಿಗೆ ಹೊಸದಾಗಿ ಹಸಿರು ವಾಂತಿ ಶುರುವಾದರೆ ಬಯಕೆ ಸಂಕಟ ಎಂದು ತಳ್ಳಿಹಾಕಬೇಡಿ, ಹೊಟ್ಟೆಯ ಮೇಲೆ ಹಳೆಯ ಸಿಸೇರಿಯನ್ ಗಾಯವಿದ್ದರೆ ಮೊದಲೇ ಬೇಡ.

ಮುಟ್ಟಿ ನೋಡುವಾಗ ತಪ್ಪಿಹೋಗುವುದು ತೊಡೆಸಂದು

ಎದೆಯಿಂದ ಮಂಡಿಯವರೆಗೆ ಬಟ್ಟೆ ಸರಿಸಿ ನೋಡಬೇಕು. ಇದನ್ನು ಒತ್ತಿ ಹೇಳಲು ಕಾರಣವಿದೆ. ತೊಡೆಸಂದಿನ ಕೆಳಗೆ ಬರುವ ಫೆಮೊರಲ್ ಹರ್ನಿಯಾ ಹೆಚ್ಚಾಗಿ ವಯಸ್ಸಾದ ಹೆಂಗಸರದು. ಗಾತ್ರ ಒಂದು ನೆಲ್ಲಿಕಾಯಿಯಷ್ಟಿರಬಹುದು, ನೋವೇ ಇಲ್ಲದಿರಬಹುದು, ಅಜ್ಜಿಗೇ ಅದು ಇದೆಯೆಂದು ಗೊತ್ತಿಲ್ಲದಿರಬಹುದು. ಸಂಕೋಚಕ್ಕೆ ಸೀರೆ ಸಡಿಲಿಸದೆ, ಮೇಲಿಂದಲೇ ಹೊಟ್ಟೆ ಒತ್ತಿ ಮುಗಿಸಿದಾಗ ಇದೇ ತಪ್ಪಿಹೋಗುವುದು. ಪರದೆ ಎಳೆಯಿರಿ, ನರ್ಸ್ ಜೊತೆಗಿರಲಿ, ಯಾಕೆ ನೋಡಬೇಕೆಂದು ಅಜ್ಜಿಗೆ ಹೇಳಿ, ನೋಡಿ. ಗಂಡಸರಲ್ಲಿ ವೃಷಣ ಚೀಲವನ್ನೂ, ಎಲ್ಲರಲ್ಲೂ ಹೊಕ್ಕುಳನ್ನೂ ಹಳೆಯ ಗಾಯದ ಗೆರೆಗಳನ್ನೂ ಬೆರಳಿನಿಂದ ತಡಕಿ ನೋಡಿ, ಕೆಮ್ಮಿಸಿ ನೋಡಿ. ಲ್ಯಾಪರೊಸ್ಕೋಪಿಯ ಅರ್ಧ ಇಂಚಿನ ಗಾಯವೂ ಲೆಕ್ಕಕ್ಕೆ ಬರುತ್ತದೆ.

ಗಂಟು ಸಿಕ್ಕಿತು ಎಂದಿಟ್ಟುಕೊಳ್ಳಿ. ಚರ್ಮ ಕೆಂಪಾಗಿದ್ದರೆ, ಮುಟ್ಟಿದರೆ ತೀವ್ರ ನೋವಿದ್ದರೆ, ಜ್ವರವಿದ್ದರೆ, ನೋವು ಎಡೆಬಿಡದೆ ಇದ್ದರೆ ಒಳಕ್ಕೆ ತಳ್ಳಬೇಡಿ. ಸತ್ತ ಕರುಳನ್ನು ಹೊಟ್ಟೆಯೊಳಕ್ಕೆ ಕಳಿಸಿದಂತಾಗುತ್ತದೆ. ಇವು ಯಾವುವೂ ಇಲ್ಲ, ಸಿಕ್ಕಿಕೊಂಡು ಕೆಲವೇ ಗಂಟೆಯಾಗಿದೆ, ತೊಡೆಸಂದಿನ ಮೇಲಿನ ಸಾಮಾನ್ಯ ಹರ್ನಿಯಾ ಎಂದಾದರೆ ನೋವಿನ ಔಷಧ ಕೊಟ್ಟು, ಕಾಲ ಕಡೆ ಮಂಚ ಎತ್ತರಿಸಿ, ಐದು ನಿಮಿಷ ಮೆಲ್ಲಗೆ ಒತ್ತಿ ನೋಡಬಹುದು. ಬಲ ಹಾಕುವ ಹಾಗಿಲ್ಲ. ಒಳಹೋದರೂ ದಾಖಲಿಸಿ ನಿಗಾ ಇಡಬೇಕು.

ಗುದದಲ್ಲಿ ಬೆರಳಿಟ್ಟು ನೋಡದ ಪರೀಕ್ಷೆ ಅಪೂರ್ಣ. ಗಟ್ಟಿ ಮಲ, ಗಡ್ಡೆ, ರಕ್ತ, ಅಥವಾ ಖಾಲಿ ಅಗಲಿದ ಗುದನಾಳ, ನಾಲ್ಕೂ ನಾಲ್ಕು ಬೇರೆ ಸುದ್ದಿ ಹೇಳುತ್ತವೆ.

ರಕ್ತ ಕಡಿದಿದೆಯೇ

ನುಲಿ ನುಲಿದು ಬರುತ್ತಿದ್ದ ನೋವು ಬಿಡುವಿಲ್ಲದ ನೋವಾಗುವುದು, ನೋವಿನ ಇಂಜೆಕ್ಷನ್‌ಗೂ ಬಗ್ಗದಿರುವುದು, ಸಾಕಷ್ಟು ದ್ರವ ಕೊಟ್ಟ ಮೇಲೂ ನಾಡಿ 100ರ ಮೇಲೆಯೇ ನಿಲ್ಲುವುದು, 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಒಂದು ಕಡೆ ಮುಟ್ಟಿದರೆ ಬೆಚ್ಚುವಷ್ಟು ನೋವು, ಹೊಟ್ಟೆ ಹಲಗೆಯಂತೆ ಸೆಟೆದಿರುವುದು, ಬಿಳಿ ರಕ್ತಕಣ ಏರುತ್ತಿರುವುದು, ಅಂಗಾಂಶಕ್ಕೆ ರಕ್ತ ಸಾಲದಾದಾಗ ಏರುವ ಲ್ಯಾಕ್ಟೇಟ್ ಲೀಟರಿಗೆ 2 ಮಿಲಿಮೋಲ್ ದಾಟಿರುವುದು. ಹೊಟ್ಟೆ ಸೆಟೆದಿರುವುದೊಂದನ್ನು ಬಿಟ್ಟರೆ ಇವುಗಳಲ್ಲಿ ಯಾವುದೂ ಒಂಟಿಯಾಗಿ ನಂಬಲರ್ಹವಲ್ಲ. ಲ್ಯಾಕ್ಟೇಟ್ ಸರಿಯಿದೆ ಎಂದು ಕರುಳು ಸರಿಯಿದೆ ಎನ್ನಲಾಗದು, ಅದು ಏರುವ ಹೊತ್ತಿಗೆ ಬಹಳಷ್ಟು ಕಳೆದಿರುತ್ತದೆ. ಎರಡು ಸೇರಿದರೆ, ಅಥವಾ ಹೊಟ್ಟೆ ಸೆಟೆದಿರುವುದೊಂದೇ ಇದ್ದರೂ, ಶಸ್ತ್ರವೈದ್ಯರನ್ನು ಎಬ್ಬಿಸಿ. ಬೇರೆ ಯಾವುದಾದರೂ ಒಂದೇ ಇದ್ದರೂ ಎರಡು ಗಂಟೆಯೊಳಗೆ ಅದೇ ಕೈಗಳಿಂದ ಮತ್ತೆ ಹೊಟ್ಟೆ ನೋಡಿ. ಪಾಳಿ ಬದಲಾಗುವಾಗ ಇಬ್ಬರೂ ಒಟ್ಟಿಗೆ ಮುಟ್ಟಿ ನೋಡುವುದು ನಮ್ಮ ಮಟ್ಟಿಗೆ ಬಹಳ ಬೆಲೆಯ ಅಭ್ಯಾಸ. ‘ನಿನ್ನೆಗಿಂತ ಹೆಚ್ಚೋ ಕಡಿಮೆಯೋ’ ಎಂದು ಚೀಟಿ ಓದಿ ಹೇಳಲಾಗದು.

ಎಕ್ಸ್‌ರೇ, ಸಿ.ಟಿ., ರಕ್ತ

ಮಲಗಿಸಿ ತೆಗೆದ ಹೊಟ್ಟೆಯ ಎಕ್ಸ್‌ರೇ ಎಲ್ಲಿ ಉಬ್ಬಿದೆ ಎಂದು ತೋರಿಸುತ್ತದೆ. ನಿಲ್ಲಿಸಿ ತೆಗೆದ ಎದೆಯ ಎಕ್ಸ್‌ರೇ ಕರುಳು ಒಡೆದಿದೆಯೇ ಎಂದು ಹೇಳುತ್ತದೆ. ಅದಕ್ಕೆ ಮುನ್ನ ರೋಗಿಯನ್ನು ಹತ್ತು ನಿಮಿಷ ನೆಟ್ಟಗೆ ಕೂರಿಸಿದರೆ ವಪೆಯ ಕೆಳಗೆ ಗಾಳಿ ಬಂದು ಸೇರಲು ಸಮಯ ಸಿಗುತ್ತದೆ. ಕೂರಲಾಗದವರನ್ನು ಎಡ ಮಗ್ಗುಲಿಗೆ ಮಲಗಿಸಿ ತೆಗೆಯಿರಿ.

ಅಳತೆಗೆ 3-6-9 ನೆನಪಿಡಿ: ಸಣ್ಣ ಕರುಳು 3 ಸೆಂ.ಮೀ., ದೊಡ್ಡ ಕರುಳು 6, ಸೀಕಮ್ 9 ದಾಟಿದರೆ ಉಬ್ಬಿದೆ ಎಂದರ್ಥ. ಸೀಕಮ್ 12 ತಲುಪಿದರೆ ಒಡೆಯುವ ಭಯವಿದೆ. ಹೊಟ್ಟೆಯ ನಡುವೆ ಇರುವ ಕರುಳಿನ ಕುಣಿಕೆಗಳಲ್ಲಿ ಗೆರೆಗಳು ಅಡ್ಡಡ್ಡ ಪೂರ್ತಿ ದಾಟಿದ್ದರೆ ಸಣ್ಣ ಕರುಳು. ಅಂಚಿನಲ್ಲಿದ್ದು ಗೆರೆಗಳು ಅರ್ಧಕ್ಕೆ ನಿಂತಿದ್ದರೆ ದೊಡ್ಡ ಕರುಳು. ಕಿಬ್ಬೊಟ್ಟೆಯಿಂದ ಮೇಲಕ್ಕೆದ್ದ ದೈತ್ಯ ಕಾಫಿ ಬೀಜದಂತಹ ನೆರಳು ಕಂಡರೆ ಸಿಗ್ಮಾಯ್ಡ್, ಅಂದರೆ ಗುದನಾಳಕ್ಕೆ ಸೇರುವ ಮುನ್ನ ದೊಡ್ಡ ಕರುಳು ಬಾಗುವ ಭಾಗ, ತಿರುಚಿದೆ. ಒಂದು ಎಚ್ಚರ: ಕರುಳು ನೀರಿನಿಂದಲೇ ತುಂಬಿ ಗಾಳಿ ಇಲ್ಲದಿದ್ದರೆ ಎಕ್ಸ್‌ರೇ ನಿರ್ಮಲವಾಗಿ ಕಾಣುತ್ತದೆ. ರೋಗಿಯ ಹೊಟ್ಟೆ ಒಂದು ಹೇಳಿ ಫಿಲ್ಮ್ ಇನ್ನೊಂದು ಹೇಳಿದರೆ ಹೊಟ್ಟೆಯ ಮಾತು ಕೇಳಿ.

ನರಕ್ಕೆ ಬಣ್ಣದ ದ್ರವ ಕೊಟ್ಟು ಮಾಡುವ ಸಿ.ಟಿ. ಎಲ್ಲಕ್ಕಿಂತ ಮೇಲು. ಉಬ್ಬಿದ ಕರುಳು ಎಲ್ಲಿ ಸಪ್ಪಟೆಯಾಗುತ್ತದೆ, ಯಾಕೆ, ರಕ್ತ ಓಡುತ್ತಿದೆಯೇ ಎಂಬ ಮೂರಕ್ಕೂ ಅದು ಉತ್ತರಿಸುತ್ತದೆ. ಇದಕ್ಕಾಗಿ ಬಾಯಿಗೆ ಏನೂ ಕುಡಿಸಬೇಕಿಲ್ಲ. ಆದರೆ ಹೊಟ್ಟೆ ಸೆಟೆದು, ರಕ್ತದೊತ್ತಡ ಬಿದ್ದಿರುವ ರೋಗಿಯನ್ನು ಸಿ.ಟಿ.ಗೆಂದು ಊರೂರು ಸುತ್ತಿಸುವುದು ತಪ್ಪು. ಅವರಿಗೆ ಬೇಕಿರುವುದು ಆಪರೇಷನ್ ಥಿಯೇಟರ್.

ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್, ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಬಿಳಿಕಣ, ಸಾಧ್ಯವಾದರೆ ಲ್ಯಾಕ್ಟೇಟ್ ನೋಡಿ, ರಕ್ತದ ಗುಂಪು ತಿಳಿದು ಬಾಟಲಿ ಸಿದ್ಧವಿಡಿ.

ಮೊದಲ ಗಂಟೆಯ ಕೆಲಸ

ಮೇಲಿಂದ ಖಾಲಿ ಮಾಡಿ, ನರದಲ್ಲಿ ತುಂಬಿಸಿ. ಕಾರಣ ಯಾವುದಾದರೂ ಇವೆರಡು ಬದಲಾಗುವುದಿಲ್ಲ.

ರೈಲ್ಸ್ ಟ್ಯೂಬ್ ಎಂದು ವಾರ್ಡಿನಲ್ಲಿ ಎಲ್ಲರೂ ಕರೆಯುವುದು ಬ್ರಿಟಿಷ್ ವೈದ್ಯ ಜಾನ್ ಆಲ್‌ಫ್ರೆಡ್ ರೈಲ್ ಹೆಸರಿನ ಟ್ಯೂಬನ್ನು. ಕಟ್ಟಿದ ಕರುಳಿಗೆ ಮೂಗಿನಿಂದ ಹೀರಿ ತೆಗೆಯುವುದೇ ಚಿಕಿತ್ಸೆ ಎಂದು 1930ರ ದಶಕದಲ್ಲಿ ಬಳಕೆಗೆ ತಂದವರು ಅಮೆರಿಕದ ಶಸ್ತ್ರವೈದ್ಯ ಓವೆನ್ ವಾಂಗೆನ್‌ಸ್ಟೀನ್. ಅಂದಿನಿಂದ ಈ ಸಾಧಾರಣ ಕೊಳವೆ ಉಳಿಸಿದ ಜೀವಗಳು ಅಸಂಖ್ಯ. ಅದನ್ನು ಸರಿಯಾಗಿ ಹಾಕುವುದಕ್ಕೆ ಗಮನ ಕೊಡಲೇಬೇಕು.

1. ದೊಡ್ಡವರಿಗೆ 16 ಅಥವಾ 18 ನಂಬರಿನ ಟ್ಯೂಬ್. ಸಣ್ಣದು ಹಾಕಿದರೆ ಗಟ್ಟಿ ದ್ರವಕ್ಕೆ ಕಟ್ಟಿಕೊಳ್ಳುತ್ತದೆ.
2. ಮೂಗಿನ ತುದಿಯಿಂದ ಕಿವಿಯ ಹಾಲೆಗೆ, ಅಲ್ಲಿಂದ ಎದೆಗೂಡಿನ ಕೆಳತುದಿಗೆ ಅಳೆದು ಗುರುತು ಹಾಕಿ. ಸಾಮಾನ್ಯವಾಗಿ 55ರಿಂದ 60 ಸೆಂ.ಮೀ. ಬರುತ್ತದೆ.
3. ರೋಗಿಯನ್ನು ಒರಗಿಸಿ ಕೂರಿಸಿ, ಲಿಗ್ನೊಕೇನ್ ಜೆಲ್ ಸವರಿ, ಮೂಗಿನ ತಳದ ಉದ್ದಕ್ಕೆ ನೇರ ಹಿಂದಕ್ಕೆ ತಳ್ಳಿ, ಮೇಲಕ್ಕಲ್ಲ.
4. ಗಂಟಲಿಗೆ ಬಂದಾಗ ಗಲ್ಲವನ್ನು ಎದೆಗೆ ತಾಗಿಸಲು ಹೇಳಿ, ನುಂಗುವಾಗಲೆಲ್ಲ ಒಂದಿಷ್ಟು ಮುಂದೆ ಬಿಡಿ. ಕೆಮ್ಮು ಬಂದರೆ, ದನಿ ಹೊರಡದಿದ್ದರೆ ಹಿಂದಕ್ಕೆಳೆಯಿರಿ.
5. ಹೀರಿದ ದ್ರವದ ಪಿ.ಎಚ್. 5.5 ಅಥವಾ ಕಡಿಮೆ ಇದೆಯೇ ನೋಡಿ, ಸಂಶಯವಿದ್ದರೆ ಎಕ್ಸ್‌ರೇ ಮಾಡಿಸಿ. ಗಾಳಿ ಊದಿ ಸದ್ದು ಕೇಳಿದರೆ ಸಾಲದು.

ಹಾಕಿದ ಮೇಲೆ ಟ್ಯೂಬಿನ ಬಾಯಿ ಮುಚ್ಚಿ ಕಟ್ಟಿಡುವುದು ನಾವು ಮತ್ತೆ ಮತ್ತೆ ಕಾಣುವ ದೋಷ. ಟ್ಯೂಬ್ ತೆರೆದಿರಬೇಕು, ಚೀಲ ಹೊಟ್ಟೆಗಿಂತ ತಗ್ಗಿನಲ್ಲಿ ತೂಗಬೇಕು, 50 ಮಿ.ಲೀ. ಸಿರಿಂಜಿನಿಂದ ಗಂಟೆಗೊಮ್ಮೆ ಹೀರಿ ಅಳತೆ ಬರೆಯಬೇಕು. ಏನೂ ಬರುತ್ತಿಲ್ಲ, ಹೊಟ್ಟೆ ಮಾತ್ರ ಉಬ್ಬಿಯೇ ಇದೆ ಎಂದರೆ ಕರುಳು ಖಾಲಿಯಾಗಿದೆ ಎಂದುಕೊಳ್ಳಬೇಡಿ. ರೋಗಿಯ ಬಾಯಿ ತೆರೆಸಿ ಟ್ಯೂಬ್ ಅಲ್ಲೇ ಸುರುಳಿ ಸುತ್ತಿದೆಯೇ ನೋಡಿ. ಗುರುತು ಮೂಗಿನಿಂದ ಆಚೆ ಬಂದಿದ್ದರೆ ತುದಿ ಅನ್ನನಾಳಕ್ಕೆ ಜಾರಿದೆ. ಎರಡೂ ಅಲ್ಲದಿದ್ದರೆ 20-30 ಮಿ.ಲೀ. ಸಲೈನ್ ಹಾಕಿ ಮರಳಿ ಹೀರಿ, ಬಾರದಿದ್ದರೆ 5 ಸೆಂ.ಮೀ. ಹಿಂದೆ ಮುಂದೆ ಮಾಡಿ ಜಠರದ ಗೋಡೆಗೆ ಅಂಟಿದ್ದನ್ನು ಬಿಡಿಸಿ. ಟ್ಯೂಬ್ ಸರಿಯಿಲ್ಲದೆ ಅರಿವಳಿಕೆ ಕೊಟ್ಟರೆ ಲೀಟರ್‌ಗಟ್ಟಲೆ ಕೊಳಕು ದ್ರವ ಶ್ವಾಸಕೋಶಕ್ಕೆ ಇಳಿಯುತ್ತದೆ. ಆಪರೇಷನ್ ಚೆನ್ನಾಗಿ ಆಗಿಯೂ ರೋಗಿ ಉಳಿಯದಿರಲು ಇದೊಂದು ಕಾರಣ ಸಾಕು.

ದ್ರವದ ವಿಷಯಕ್ಕೆ ಬಂದರೆ, ಜನ ಎಲ್ಲ ಡ್ರಿಪ್ಪನ್ನೂ ‘ಗ್ಲುಕೋಸ್ ಬಾಟ್ಲಿ’ ಎನ್ನುತ್ತಾರೆ, ಆದರೆ ಇಲ್ಲಿ ಗ್ಲುಕೋಸ್ ಬೇಡ. 5 ಶೇಕಡಾ ಡೆಕ್ಸ್‌ಟ್ರೋಸ್ ರಕ್ತನಾಳದಲ್ಲಿ ನಿಲ್ಲುವುದಿಲ್ಲ, ಸೋಡಿಯಂ ಇಳಿಸುತ್ತದೆ. ಎರಡು ಕೈಗೂ ದಪ್ಪ ಸೂಜಿ, 16 ಅಥವಾ 18 ಗೇಜಿನದು ಹಾಕಿ ರಿಂಗರ್ ಲ್ಯಾಕ್ಟೇಟ್ 500 ಮಿ.ಲೀ. 15 ನಿಮಿಷದಲ್ಲಿ ಬಿಡಿ. ನಾಡಿ, ರಕ್ತದೊತ್ತಡ ನೋಡಿ ಮತ್ತೆ ಬಿಡಿ. ಹೃದಯ, ಕಿಡ್ನಿ ದುರ್ಬಲವಿದ್ದವರಿಗೆ ಒಮ್ಮೆಗೆ 250 ಸಾಕು, ಪ್ರತಿ ಸಲವೂ ಶ್ವಾಸಕೋಶದ ತಳ ಆಲಿಸಿ. ಮೂತ್ರದ ಕೊಳವೆ ಹಾಕಿ. ಗುರಿ ಗಂಟೆಗೆ ಕಿಲೋಗೆ 0.5 ಮಿ.ಲೀ., ಅಂದರೆ 60 ಕೆ.ಜಿ.ಯವರಿಗೆ ಗಂಟೆಗೆ 30 ಮಿ.ಲೀ. ಟ್ಯೂಬಿನಿಂದ ಬಂದಷ್ಟನ್ನು ಸಾಮಾನ್ಯ ಸಲೈನ್‌ನಲ್ಲಿ ಪೊಟ್ಯಾಸಿಯಂ ಸೇರಿಸಿ ಮರಳಿ ತುಂಬಿಸಿ, ಏಕೆಂದರೆ ಜಠರರಸದೊಂದಿಗೆ ಹೋಗುವುದು ಕ್ಲೋರೈಡ್. ಅದರ ಹಿಂದೆಯೇ ಮೂತ್ರದಲ್ಲಿ ಪೊಟ್ಯಾಸಿಯಂ ಸೋರುತ್ತದೆ.

ಪೊಟ್ಯಾಸಿಯಂ ಕೊಡುವುದು ಮೂತ್ರ ಬರತೊಡಗಿದ ಮೇಲೆ. ಸಾಮಾನ್ಯವಾಗಿ ಸಿಗುವ 10 ಮಿ.ಲೀ. ಆಂಪೂಲಿನಲ್ಲಿ 20 ಮಿಲಿಈಕ್ವಿವಲೆಂಟ್ ಇರುತ್ತದೆ, ಆದರೂ ಚೀಟಿ ಓದದೆ ಒಡೆಯಬೇಡಿ. ಲೀಟರಿಗೆ 40 ಮೀರಬಾರದು. ಮಾನಿಟರ್ ಇಲ್ಲದ ವಾರ್ಡಿನಲ್ಲಿ ಗಂಟೆಗೆ 10 ಮೀರಬಾರದು. ನೇರ ನರಕ್ಕೆ ಚುಚ್ಚಿದರೆ ಹೃದಯ ನಿಲ್ಲುತ್ತದೆ. ತೂಗುತ್ತಿರುವ ಬಾಟಲಿಗೆ ಸೇರಿಸಿ ಹಾಗೇ ಬಿಟ್ಟರೂ ಭಾರವಾದ ಪೊಟ್ಯಾಸಿಯಂ ತಳದಲ್ಲಿ ನಿಂತು ಮೊದಲ ನಿಮಿಷಗಳಲ್ಲೇ ಒಮ್ಮೆಲೇ ಹೋಗುತ್ತದೆ. ಬಾಟಲಿ ಇಳಿಸಿ, ಸೇರಿಸಿ, ಹತ್ತು ಸಲ ತಲೆಕೆಳಗು ಮಾಡಿ ಬೆರೆಸಿ, ಹೊರಗೆ ಬರೆದು ಅಂಟಿಸಿ, ಆಮೇಲೆ ತೂಗುಹಾಕಿ.

ನೋವಿಗೆ ಔಷಧ ಕೊಟ್ಟರೆ ರೋಗ ಮುಚ್ಚಿಹೋಗುತ್ತದೆ ಎಂಬುದು ಹಳೆಯ ಭಯ. ಮಾರ್ಫಿನ್ ಸಣ್ಣ ಸಣ್ಣ ಪ್ರಮಾಣದಲ್ಲಿ, ಅಥವಾ ನರಕ್ಕೆ ಪ್ಯಾರಾಸಿಟಮಾಲ್ 1 ಗ್ರಾಂ ಕೊಡಿ. ನೋವು ಕಡಿಮೆಯಾದ ಹೊಟ್ಟೆಯನ್ನು ಪರೀಕ್ಷಿಸುವುದೂ ಸುಲಭ. ಡೈಕ್ಲೋಫೆನಾಕ್ ಬೇಡ, ನೀರು ಒಣಗಿದ ದೇಹದಲ್ಲಿ ಅದು ಕಿಡ್ನಿಗೆ ಪೆಟ್ಟು. ಪೂರ್ತಿ ಕಟ್ಟಿದ ಕರುಳಿಗೆ ಮೆಟೊಕ್ಲೋಪ್ರಮೈಡ್ ಬೇಡ, ಭೇದಿ ಔಷಧದ ದೋಷವೇ ಅದಕ್ಕೂ ಇದೆ. ವಾಂತಿಗೆ ಟ್ಯೂಬ್‌ಗಿಂತ ಒಳ್ಳೆಯ ಮದ್ದಿಲ್ಲ, ಬೇಕಾದರೆ ಆಂಡನ್ಸೆಟ್ರಾನ್ 4 ಮಿ.ಗ್ರಾಂ. ಕರುಳಿನ ಸೆಳೆತ ಇಳಿಸುವ ಡೈಸೈಕ್ಲೋಮಿನ್ ಚುಚ್ಚಿ ನೋವಿಳಿಸಿ ಮನೆಗೆ ಕಳಿಸುವುದು ಈ ಕಾಯಿಲೆಯಲ್ಲಿ ಆಗುವ ದೊಡ್ಡ ಅನಾಹುತಗಳಲ್ಲಿ ಒಂದು. ರಕ್ತ ಕಡಿದಿರುವ ಸಂಶಯವಿದ್ದರೆ ಅಥವಾ ಆಪರೇಷನ್‌ಗೆ ಹೊರಟಿದ್ದರೆ ಮೆಟ್ರೊನಿಡಜೋಲ್ 500 ಮಿ.ಗ್ರಾಂ., ಜೊತೆಗೆ ಸೆಫ್ಟ್ರಿಯಾಕ್ಸೋನ್ ಶುರುಮಾಡಿ.

ಕಾಯಬೇಕೋ, ಕೊಯ್ಯಬೇಕೋ

ಹೊಟ್ಟೆ ಸೆಟೆದಿದ್ದರೆ, ಎಕ್ಸ್‌ರೇಯಲ್ಲಿ ಕರುಳಿನಿಂದ ಹೊರಬಂದ ಗಾಳಿ ಕಂಡರೆ, ಹರ್ನಿಯಾ ಕೊಳೆಯುವ ಲಕ್ಷಣವಿದ್ದರೆ, ಎರಡು ತುದಿ ಮುಚ್ಚಿದ ಕುಣಿಕೆ ಎಂದು ಸಿ.ಟಿ. ಹೇಳಿದರೆ ಕಾಯುವ ಪ್ರಶ್ನೆಯಿಲ್ಲ. ದ್ರವ ತುಂಬಿಸುತ್ತಲೇ ಥಿಯೇಟರಿಗೆ.

ಹಳೆಯ ಆಪರೇಷನ್‌ನಿಂದ ಒಳಗೆ ಅಂಟು ಬೆಳೆದು ಕಟ್ಟಿಕೊಂಡದ್ದು, ರಕ್ತ ಕಡಿದ ಸುಳಿವಿಲ್ಲ ಎಂದಾದರೆ ಕಾಯುವುದು ನ್ಯಾಯ, ಬಹುಪಾಲು ಮಂದಿಗೆ ಟ್ಯೂಬ್ ಮತ್ತು ಡ್ರಿಪ್ಪಿನಲ್ಲೇ ಬಿಡಿಸಿಕೊಳ್ಳುತ್ತದೆ. ಆದರೆ ಕಾಯುವುದೆಂದರೆ ನಾಲ್ಕು ಗಂಟೆಗೊಮ್ಮೆ ಹೊಟ್ಟೆ ಮುಟ್ಟುವುದು, ಸುಮ್ಮನಿರುವುದಲ್ಲ. ಮೇಲುಮಿತಿ 72 ಗಂಟೆ. ಇಲ್ಲಿ ಗ್ಯಾಸ್ಟ್ರೊಗ್ರಾಫಿನ್ ಎಂಬ, ಎಕ್ಸ್‌ರೇಯಲ್ಲಿ ಕಾಣುವ ಬಣ್ಣದ ದ್ರವ ನೆರವಿಗೆ ಬರುತ್ತದೆ. ಜಠರ ಖಾಲಿ ಮಾಡಿ, ದೇಹಕ್ಕೆ ನೀರು ತುಂಬಿಸಿದ ಮೇಲೆ 100 ಮಿ.ಲೀ. ಟ್ಯೂಬಿನಲ್ಲಿ ಹಾಕಿ ಎರಡು ಗಂಟೆ ಮುಚ್ಚಿಡಿ. 24 ಗಂಟೆಯೊಳಗಿನ ಎಕ್ಸ್‌ರೇಯಲ್ಲಿ ಬಣ್ಣ ದೊಡ್ಡ ಕರುಳು ತಲುಪಿದ್ದರೆ ಆಪರೇಷನ್ ಇಲ್ಲದೆ ಪಾರಾಗುವ ಸಾಧ್ಯತೆ ಬಹಳ ಹೆಚ್ಚು. ತಲುಪದಿದ್ದರೆ ಥಿಯೇಟರ್ ಸಿದ್ಧಪಡಿಸಿ. ಅದು ನೀರನ್ನು ಕರುಳಿನೊಳಕ್ಕೆ ಎಳೆಯುವ ದ್ರವ, ಒಣಗಿದ ರೋಗಿಗೆ ಮೊದಲೇ ಹಾಕಿದರೆ ರಕ್ತದೊತ್ತಡ ಬೀಳುತ್ತದೆ.

ಹಿಂದೆ ಆಪರೇಷನ್ನೇ ಆಗಿಲ್ಲ, ಹರ್ನಿಯಾವೂ ಇಲ್ಲ ಎಂದರೆ ಕಾರಣ ಹುಡುಕಲೇಬೇಕು. ನಮ್ಮ ನಾಡಿನಲ್ಲಿ ಆಗ ಮೊದಲು ನೆನಪಾಗಬೇಕಾದದ್ದು ಕರುಳಿನ ಕ್ಷಯ. ತಿಂಗಳುಗಟ್ಟಲೆ ಉಂಡ ಮೇಲೆ ಹೊಟ್ಟೆಯಲ್ಲಿ ಗುಡುಗು, ಒಂದು ಉಂಡೆ ಎದ್ದು ಸರಿದು ಮಾಯವಾದಂತೆ ಅನಿಸುವುದು, ಸಂಜೆಯ ಜ್ವರ, ತೂಕ ಇಳಿತ. ಕ್ಷಯ ಹೆಚ್ಚಾಗಿ ಕೂರುವುದು ಸಣ್ಣ-ದೊಡ್ಡ ಕರುಳು ಸೇರುವಲ್ಲಿ. ಎದೆಯ ಎಕ್ಸ್‌ರೇ ಸ್ವಚ್ಛವಾಗಿದ್ದ ಮಾತ್ರಕ್ಕೆ ಅದನ್ನು ತಳ್ಳಿಹಾಕಲಾಗದು, ಕೊಲೊನೊಸ್ಕೋಪಿಯಲ್ಲಿ ತುಣುಕು ತೆಗೆದು ನೋಡಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ 6 ತಿಂಗಳ ಔಷಧ ಹುಣ್ಣನ್ನು ವಾಸಿಮಾಡುತ್ತದೆ. ಆದರೆ ವಾಸಿಯಾಗುವಾಗ ಗಾಯ ಕುಗ್ಗಿ ದಾರಿ ಇನ್ನಷ್ಟು ಕಿರಿದಾಗಬಹುದು. ಔಷಧ ನಡೆಯುತ್ತಿರುವಾಗಲೇ ತಡೆ ಮರುಕಳಿಸಿದರೆ ಔಷಧ ಸೋತಿತೆಂದಲ್ಲ, ಕಿರಿದಾದ ಜಾಗ ಅಗಲಿಸುವ ಶಸ್ತ್ರಚಿಕಿತ್ಸೆ ಬೇಕೆಂದರ್ಥ.

ಸಿಗ್ಮಾಯ್ಡ್ ತಿರುಚಿದ್ದು, ಹೊಟ್ಟೆ ಸೆಟೆದಿಲ್ಲ ಎಂದಾದರೆ ಗುದದಿಂದ ಸ್ಕೋಪ್ ಹಾಕಿ ಬಿಚ್ಚಬಹುದು. ರಭಸದಿಂದ ಗಾಳಿ, ಮಲ ಹೊರಬಂದು ಹೊಟ್ಟೆ ಇಳಿಯುತ್ತದೆ. ಆ ನಿರಾಳದಲ್ಲೇ ಮನೆಗೆ ಕಳಿಸಬೇಡಿ, ಮತ್ತೆ ತಿರುಚುವವರೇ ಹೆಚ್ಚು. ಮೃದುವಾದ ಕೊಳವೆಯನ್ನು ಒಳಗೇ ಬಿಟ್ಟು, ರೋಗಿ ತಾಳುವ ಸ್ಥಿತಿಯಲ್ಲಿದ್ದರೆ ಅದೇ ದಾಖಲಾತಿಯಲ್ಲಿ ಆ ಉದ್ದದ ಕರುಳು ತೆಗೆಸಿ. ದೊಡ್ಡ ಕರುಳಿನ ಗಡ್ಡೆಗೆ ಟ್ಯೂಬಿನಿಂದ ಹೆಚ್ಚು ಪ್ರಯೋಜನವಿಲ್ಲ, ಸ್ಟೆಂಟ್ ಅಥವಾ ಶಸ್ತ್ರಚಿಕಿತ್ಸೆ ಇರುವಲ್ಲಿಗೆ ಬೇಗ ಕಳಿಸಿ.

ಕಟ್ಟಿಲ್ಲದೆಯೂ ನಿಂತ ಕರುಳು

ಹೊಟ್ಟೆಯ ಆಪರೇಷನ್ ಆದ ಮೇಲೆ ಸಣ್ಣ ಕರುಳು ಒಂದು ದಿನದಲ್ಲಿ, ದೊಡ್ಡ ಕರುಳು ಮೂರು ದಿನದ ಆಸುಪಾಸಿನಲ್ಲಿ ಕೆಲಸಕ್ಕೆ ಮರಳುತ್ತವೆ. ಅದಕ್ಕೂ ತಡವಾದರೆ ಪೊಟ್ಯಾಸಿಯಂ, ಮೆಗ್ನೀಸಿಯಂ, ನೋವಿನ ಔಷಧದ ಪ್ರಮಾಣ, ಒಳಗೆ ಕೀವು, ಹೊಲಿಗೆ ಸೋರಿಕೆ ಎಂಬ ಕ್ರಮದಲ್ಲಿ ಹುಡುಕಿ. ಹಾಸಿಗೆ ಹಿಡಿದ ವೃದ್ಧರಲ್ಲಿ, ಮೂಳೆಯ ಆಪರೇಷನ್ ಆದವರಲ್ಲಿ ದೊಡ್ಡ ಕರುಳು ಮಾತ್ರ ಭಯಂಕರವಾಗಿ ಉಬ್ಬುವುದುಂಟು; ತಡೆಯಿಲ್ಲದೆ ದೊಡ್ಡ ಕರುಳು ಹೀಗೆ ಉಬ್ಬುವುದನ್ನು 1948ರಲ್ಲಿ ಬ್ರಿಟಿಷ್ ಶಸ್ತ್ರವೈದ್ಯ ಓಗಿಲ್ವಿ ವರ್ಣಿಸಿದರು. ಸಿ.ಟಿ.ಯಲ್ಲಿ ತಡೆಯಿಲ್ಲ ಎಂದು ಖಚಿತವಾದ ಮೇಲೆ, ಮೇಲಿನದೆಲ್ಲ ಸರಿಪಡಿಸಿಯೂ ಇಳಿಯದಿದ್ದರೆ, ನಿಯೊಸ್ಟಿಗ್ಮಿನ್ 2 ಮಿ.ಗ್ರಾಂ. ನಿಧಾನವಾಗಿ ಮೂರರಿಂದ ಐದು ನಿಮಿಷದಲ್ಲಿ ಕೊಡುತ್ತಾರೆ. ಹೃದಯದ ಮಾನಿಟರ್ ಇರಬೇಕು, ನಾಡಿ ನಿಧಾನವಾದರೆ ಏರಿಸುವ ಅಟ್ರೊಪಿನ್ ಸಿರಿಂಜಿನಲ್ಲಿ ತುಂಬಿರಬೇಕು. ನಿಜವಾದ ತಡೆ ಇದ್ದವರಿಗೆ, ನಾಡಿ ನಿಧಾನವಿದ್ದವರಿಗೆ, ಆಸ್ತಮಾ ಇದ್ದವರಿಗೆ ಇದು ನಿಷಿದ್ಧ.

ಮಕ್ಕಳಲ್ಲಿ

ಹಸುಗೂಸು ಹಸಿರು ವಾಂತಿ ಮಾಡಿದರೆ ಕರುಳು ತಿರುಚಿದೆ ಎಂದೇ ಹಿಡಿದು ಅದೇ ಗಳಿಗೆಯಲ್ಲಿ ಮಕ್ಕಳ ಶಸ್ತ್ರವೈದ್ಯರಿರುವಲ್ಲಿಗೆ ಕಳಿಸಿ, ಹೊಟ್ಟೆ ಉಬ್ಬಿಲ್ಲದಿದ್ದರೂ ಸರಿ. ಹುಟ್ಟಿ 48 ಗಂಟೆಯಾದರೂ ಕಪ್ಪು ಮಲ ಹೋಗದ ಕೂಸನ್ನೂ ತೋರಿಸಬೇಕು. ಆರು ತಿಂಗಳಿಂದ ಎರಡು ವರ್ಷದ ಮಗು ಹದಿನೈದಿಪ್ಪತ್ತು ನಿಮಿಷಕ್ಕೊಮ್ಮೆ ಕಾಲು ಮಡಚಿ ಚೀರಿ, ನಡುವೆ ಸಪ್ಪೆಯಾಗಿ ಬಿಳಿಚಿಕೊಂಡು ಮಲಗಿದರೆ ಕರುಳೊಳಗೆ ಕರುಳು ನುಗ್ಗಿರಬಹುದು. ರಕ್ತ-ಲೋಳೆ ಬೆರೆತ ಕೆಂಪು ಮಲ ತಡವಾಗಿ ಬರುವ ಲಕ್ಷಣ, ಅದಕ್ಕಾಗಿ ಕಾಯಬೇಡಿ. ಅಲ್ಟ್ರಾಸೌಂಡಿನಲ್ಲಿ ಉಂಗುರದೊಳಗೆ ಉಂಗುರ ಕಾಣುತ್ತದೆ. ಬೇಗ ಬಂದರೆ ಗಾಳಿ ಅಥವಾ ಸಲೈನ್ ಒತ್ತಡದಿಂದಲೇ ಬಿಡಿಸಬಹುದು, ಶಸ್ತ್ರವೈದ್ಯರು ಹತ್ತಿರವಿರುವ ಕಡೆ ಮಾತ್ರ. ದುಂಡುಹುಳು ಉಂಡೆಗಟ್ಟಿ ಕರುಳು ಕಟ್ಟಿದ ಮಗುವಿಗೆ ತಡೆ ಬಿಡುವ ಮುನ್ನ ಜಂತುಹುಳುವಿನ ಔಷಧ ಕೊಡಬೇಡಿ. ಸತ್ತ ಹುಳುಗಳ ಉಂಡೆ ಇನ್ನೂ ಬಿಗಿಯಾಗಬಹುದು.

ಬೇರೆ ಆಸ್ಪತ್ರೆಗೆ ಕಳಿಸುವಾಗ, ಮನೆಗೆ ಕಳಿಸುವಾಗ

ಹೊರಡುವ ಮುನ್ನ ಟ್ಯೂಬ್ ಹಾಕಿ, ತೆರೆದಿಟ್ಟು, ಡ್ರಿಪ್ ಓಡುತ್ತಿರಲಿ. ಆಂಬುಲೆನ್ಸಿನಲ್ಲಿ ತಲೆ ಎತ್ತರಿಸಿ, ಮಂಪರಿದ್ದರೆ ಮಗ್ಗುಲಿಗೆ ಮಲಗಿಸಿ. ಕೊನೆಯ ಸಲ ಗಾಳಿ ಹೋದ ಹೊತ್ತು, ನೋವು ಶುರುವಾದ ಹೊತ್ತು, ಕೊಟ್ಟ ದ್ರವ, ಟ್ಯೂಬಿನಿಂದ ಬಂದದ್ದು, ಮೂತ್ರದ ಅಳತೆ, ಔಷಧ ಕೊಟ್ಟ ಸಮಯ, ತೊಡೆಸಂದು ನೋಡಿದಿರೋ ಇಲ್ಲವೋ, ಇಷ್ಟು ಚೀಟಿಯಲ್ಲಿರಲಿ. ಶಸ್ತ್ರವೈದ್ಯರು ಇದ್ದಾರೆಯೇ ಎಂದು ಫೋನಿನಲ್ಲಿ ಕೇಳಿಯೇ ಕಳಿಸಿ. ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಅಲೆದ ನಾಲ್ಕು ಗಂಟೆಯನ್ನು ಕರುಳು ಮರಳಿ ಕೊಡುವುದಿಲ್ಲ.

ಆಪರೇಷನ್ ಇಲ್ಲದೆ ಗುಣವಾದವರಿಗೆ ಗಾಳಿ ಹೋಗಿ, ಹೊಟ್ಟೆ ಮೆತ್ತಗಾಗಿ, ಟ್ಯೂಬಿನಿಂದ ಬರುವುದು ತಿಳಿಯಾಗಿ ಕಡಿಮೆಯಾದ ಮೇಲೆ ಗುಟುಕು ನೀರು, ಆಮೇಲೆ ಗಂಜಿ, ಮರುದಿನ ಮೊಸರನ್ನ. ಕರುಳು ಕಿರಿದಾಗಿದೆ ಎಂದು ಗೊತ್ತಿರುವವರು ಕಿತ್ತಳೆಯ ನಾರು, ಹಸಿ ತರಕಾರಿ, ಸರಿಯಾಗಿ ಅಗಿಯದ ಒಣಹಣ್ಣು ಬಿಡಬೇಕು. ನಾರಿನ ಉಂಡೆಯೇ ಮತ್ತೆ ದಾರಿ ಕಟ್ಟುತ್ತದೆ. ಒಮ್ಮೆ ಅಂಟಿನಿಂದ ತಡೆಯಾದವರಿಗೆ ವರ್ಷಗಳ ನಂತರವೂ ಮರುಕಳಿಸಬಹುದು. ಡಿಸ್ಚಾರ್ಜ್ ಚೀಟಿ ಮತ್ತು ಸಿ.ಟಿ. ವರದಿಯ ಫೋಟೊ ಮನೆಯ ಇಬ್ಬರ ಮೊಬೈಲಿನಲ್ಲಿರಲಿ. ಮುಂದಿನ ಸಲ ವಾಂತಿಯ ಜೊತೆ ಗಾಳಿ ನಿಂತರೆ ಹರಳೆಣ್ಣೆಯ ಸೀಸೆ ಮುಟ್ಟದೆ ಆ ಚೀಟಿ ಹಿಡಿದು ಹೊರಡಬೇಕು.